ಲೆಕ್ಕ ಬಾಯಲ್ಲಿದೆ, ಪುಸ್ತಕದಲ್ಲಿಲ್ಲ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಮಕ್ಕಳ ಬಗ್ಗೆ. ಮಾತಿಗೆ ಕೂರಿಸಿದರೆ ದೊಡ್ಡವರನ್ನೇ ಬೆರಗುಗೊಳಿಸುತ್ತಾರೆ, ಕೈಗೆ ಪೆನ್ಸಿಲ್ ಕೊಟ್ಟರೆ ಕುಗ್ಗಿಹೋಗುತ್ತಾರೆ. ಚುರುಕು ಬುದ್ಧಿಯ ಜೊತೆಗೇ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾದಂಥ ಕಲಿಕಾ ನ್ಯೂನತೆಯೂ, ಅಂದರೆ ಕ್ರಮವಾಗಿ ಓದು, ಬರಹ, ಲೆಕ್ಕದ ತೊಂದರೆಯೂ, ಒಂದೇ ಮಗುವಿನಲ್ಲಿ ಇರಬಹುದು. ಇಂಥವರಿಗೆ ಟ್ವೈಸ್ ಎಕ್ಸೆಪ್ಷನಲ್, ಅಂದರೆ ಎರಡು ಬಗೆಯಲ್ಲಿ ವಿಶೇಷ, ಎನ್ನುತ್ತಾರೆ; ವರದಿಗಳಲ್ಲಿ ‘2ಇ’ ಎಂದು ಬರೆದಿರುವುದೂ ಉಂಟು. ಒಬ್ಬ ವಿಶೇಷ ಶಿಕ್ಷಕಿ ಮತ್ತು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು, ಕನ್ನಡ ಮಾಧ್ಯಮ. ಗ್ರಹಣ ಹೇಗಾಗುತ್ತದೆ ಅಂತ ಕಿತ್ತಳೆ, ನಿಂಬೆಹಣ್ಣು ಇಟ್ಟುಕೊಂಡು ಅಜ್ಜಿಗೆ ತಿಳಿಸಿಕೊಡುತ್ತಾನೆ. ಮಗ್ಗಿ ಬಾಯಿಪಾಠ ಬರುವುದಿಲ್ಲ, ಆದರೆ ಹದಿನೇಳೆಂಟ್ಲ ಎಷ್ಟು ಅಂದರೆ, ‘ಹದಿನೇಳು ಹತ್ತು ನೂರ ಎಪ್ಪತ್ತು, ಅದರಲ್ಲಿ ಎರಡು ಹದಿನೇಳು ತೆಗೆದರೆ ನೂರ ಮೂವತ್ತಾರು’ ಅನ್ನುತ್ತಾನೆ. ನೋಟ್ಸ್ ಬರೆಯಲು ಕೂತರೆ ಗಂಟೆಗೆ ನಾಲ್ಕು ಸಾಲು. ಟೀಚರ್ ‘ಬುದ್ಧಿ ಇದೆ, ಸೋಮಾರಿ’ ಅನ್ನುತ್ತಾರೆ. ಅವರಪ್ಪನೂ ಅದನ್ನೇ ಹೇಳಿ ಹೊಡೆಯುತ್ತಾರೆ. ಇದು ಸೋಮಾರಿತನವೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ಮೊದಲು ಆ ಹೊಡೆತ ಇವತ್ತೇ ನಿಲ್ಲಬೇಕು. ಇದನ್ನು ಮಗುವಿನ ತಂದೆಗೂ ಓದಿಸಿ.

ಹದಿನೇಳೆಂಟರ ಲೆಕ್ಕವನ್ನು ಅವನು ಮಾಡಿದ ರೀತಿಯಲ್ಲೇ ಎರಡು ವಿಷಯ ಕಾಣುತ್ತವೆ. ಮಗ್ಗಿಯ ಸಾಲು ನೆನಪಿನಲ್ಲಿ ನಿಲ್ಲುತ್ತಿಲ್ಲ. ಆದರೆ ಸಂಖ್ಯೆಗಳ ಸಂಬಂಧ ಅವನಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಹತ್ತರಿಂದ ಹಿಂದಕ್ಕೆ ಬರುವ ದಾರಿಯನ್ನು ತಾನೇ ಕಂಡುಕೊಂಡಿದ್ದಾನೆ. ಸೋಮಾರಿ ಮಗು ಅಷ್ಟು ದೂರದ ದಾರಿ ಹಿಡಿಯುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಪರಿಸರ ಅಧ್ಯಯನದ ಒಂದು ಪಾಠದಿಂದ ಹತ್ತು ಪ್ರಶ್ನೆ ಆರಿಸಿಕೊಳ್ಳಿ. ಸೋಮವಾರ ಬಾಯಲ್ಲಿ ಕೇಳಿ, ಅವನು ಹೇಳಿದ್ದನ್ನು ಹೇಳಿದ ಹಾಗೇ ನೀವು ಬರೆದುಕೊಳ್ಳಿ. ಬುಧವಾರ ಅವೇ ಹತ್ತು ಪ್ರಶ್ನೆಗೆ ಅವನೇ ಬರೆಯಲಿ. ಹಿಡಿದ ಸಮಯವನ್ನು ಮೂಲೆಯಲ್ಲಿ ಗುರುತು ಹಾಕಿ. ಬಾಯಲ್ಲಿ ಒಂಬತ್ತು ಸರಿ, ಬರಹದಲ್ಲಿ ಮೂರು ಸರಿ ಎಂದಾದರೆ ಪಾಠ ತಲೆಯಲ್ಲಿದೆ, ಕಾಗದಕ್ಕೆ ಇಳಿಯುತ್ತಿಲ್ಲ ಎಂದರ್ಥ. ಮೂರನೆಯ ದಿನ ಪುಸ್ತಕ ನೋಡಿಕೊಂಡು ಐದು ನಿಮಿಷ ಬರೆಯಲು ಹೇಳಿ. ನೋಡಿ ಬರೆಯುವುದೂ ನಿಧಾನ, ಬೆರಳು ನೋಯುತ್ತದೆ ಅನ್ನುತ್ತಾನೆ, ಹಾಳೆ ಹರಿಯುವಷ್ಟು ಒತ್ತುತ್ತಾನೆ ಎಂದರೆ ತೊಂದರೆ ಬರೆಯುವ ಕೈಯಲ್ಲಿರಬಹುದು. ಡಿಸ್‌ಗ್ರಾಫಿಯಾದ ಕಡೆ ನೋಡಬೇಕು. ನೋಡಿ ಬರೆಯುವುದು ಪರವಾಗಿಲ್ಲ, ಸ್ವಂತ ಬರೆಯುವಾಗ ಮಾತ್ರ ಅಕ್ಷರ ತಪ್ಪುತ್ತದೆ ಎಂದರೆ ಡಿಸ್ಲೆಕ್ಸಿಯಾದ ಕಡೆ.

ತಪ್ಪು ಯಾವ ಬಗೆಯದು ಎಂಬುದು ಬಹಳ ಮುಖ್ಯ. ಕನ್ನಡದಲ್ಲಿ ಇಂಥ ಮಕ್ಕಳು ಎಡವುವುದು ಹೆಚ್ಚಾಗಿ ಒತ್ತಕ್ಷರ, ದೀರ್ಘ ಮತ್ತು ಅರ್ಕಾವತ್ತಿನಲ್ಲಿ. ‘ಸೂರ್ಯ’ ಎಂಬ ಒಂದೇ ಪದ ನೋಡಿ. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಹಾಳೆಯ ಮೇಲೆ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮ ಒಂದು, ಕಣ್ಣಿಗೆ ಬೀಳುವ ಕ್ರಮ ಇನ್ನೊಂದು. ಹಾಗಾಗಿ ‘ಸೂರಯ’, ‘ಸುಯ’ ಎಂದೆಲ್ಲ ಬರೆಯುತ್ತಾರೆ. ‘ವಿದ್ಯಾರ್ಥಿ’ ಹೋಗಿ ‘ವಿದಾರಿ’ ಆಗುತ್ತದೆ. ಒತ್ತಕ್ಷರಗಳು ಎಲ್ಲ ಮಕ್ಕಳಿಗೂ ಕೈಗೆ ಕೂರಲು ಮೂರ್ನಾಲ್ಕು ವರ್ಷ ಬೇಕು. ಐದನೇ ತರಗತಿಯಲ್ಲೂ ಇಂಥ ತಪ್ಪು ಸಾಲುಸಾಲಿಗೆ ಇದ್ದರೆ ಗಮನ ಕೊಡಬೇಕು. ಒಂದು ಎಚ್ಚರಿಕೆ: ಆಡುಮಾತಿನ ಪ್ರಭಾವದಿಂದ ‘ಹಣ್ಣು’ ಬದಲು ‘ಅಣ್ಣು’, ‘ಧನ’ ಬದಲು ‘ದನ’ ಬರೆಯುವುದು ಡಿಸ್ಲೆಕ್ಸಿಯಾ ಅಲ್ಲ. ಅವನ್ನು ಎಣಿಕೆಯಿಂದ ಬಿಟ್ಟುಬಿಡಿ.

ಕಣ್ಣು, ಕಿವಿ ತಪಾಸಣೆ ಮೊದಲು ಮುಗಿಸಿ. ಆಮೇಲೆ ಜಿಲ್ಲಾಸ್ಪತ್ರೆಯ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆ ಗುರುತಿಸುವ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ಹೋಗುವಾಗ ಕಳೆದ ಮೂರು ತಿಂಗಳ ನೋಟ್‌ಬುಕ್ಕು ಮತ್ತು ನೀವು ಮಾಡಿದ ಆ ಮೂರು ದಿನದ ಹಾಳೆ ಒಯ್ಯಿರಿ. ಚೆಂದವಾಗಿ ಬರೆದ ಪುಸ್ತಕ ಮಾತ್ರ ಆರಿಸಿ ಒಯ್ಯುವವರೇ ಹೆಚ್ಚು. ಪರೀಕ್ಷಿಸುವವರಿಗೆ ಬೇಕಾಗಿರುವುದು ಕೆಟ್ಟದಾಗಿ ಬರೆದದ್ದು.

ಮತ್ತೊಂದು ಮಾತು. ‘ಬರವಣಿಗೆ ಸರಿಹೋಗುವ ತನಕ ಗ್ರಹಣ, ರಾಕೆಟ್ಟು ಎಲ್ಲ ಬಂದ್’ ಎಂದು ಮಾತ್ರ ಮಾಡಬೇಡಿ. ಬರವಣಿಗೆಗೆ ವರ್ಷಗಳೇ ಹಿಡಿಯಬಹುದು. ಅಷ್ಟು ಕಾಲ ಬುದ್ಧಿಯನ್ನು ಉಪವಾಸ ಕೆಡವಿದರೆ ಕೊನೆಗೆ ಎರಡೂ ಉಳಿಯುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಅಕ್ಷರಕ್ಕೆ, ಇಪ್ಪತ್ತು ನಿಮಿಷ ಅವನ ಆಕಾಶಕ್ಕೆ ಕೊಡಿ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಐಕ್ಯೂ ಪರೀಕ್ಷೆ ಮಾಡಿಸಿದೆವು. ಮಾತಿನ ಭಾಗ 132, ನೋಡಿ ತರ್ಕಿಸುವುದು 126, ವರ್ಕಿಂಗ್ ಮೆಮೊರಿ (ತಾತ್ಕಾಲಿಕ ನೆನಪು) 91, ಪ್ರೊಸೆಸಿಂಗ್ ಸ್ಪೀಡ್ (ಕೆಲಸದ ವೇಗ) 80, ಒಟ್ಟು 112. ಶಾಲೆಯವರು ‘ಸರಾಸರಿಗಿಂತ ಸ್ವಲ್ಪ ಮೇಲು ಅಷ್ಟೇ, ಪ್ರತಿಭಾವಂತೆ ಅಲ್ಲ, ತರಗತಿ ಮಟ್ಟಕ್ಕೆ ಓದುತ್ತಾಳೆ, ಆದ್ದರಿಂದ ನ್ಯೂನತೆಯೂ ಇಲ್ಲ’ ಅಂದರು. ಆದರೆ ಅವಳು ದಿನಾ ಅಳುತ್ತಾ ಮನೆಗೆ ಬರುತ್ತಾಳೆ.
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: 112 ಎಂಬ ಅಂಕಿಯನ್ನು ಪಕ್ಕಕ್ಕಿಡಿ. ನಿಮ್ಮ ಮಗಳ ಕಥೆ ಇರುವುದು ಉಳಿದ ನಾಲ್ಕರಲ್ಲಿ.

ಈ ಪರೀಕ್ಷೆಗಳಲ್ಲಿ 100 ಸರಾಸರಿ, ಪ್ರತಿ 15 ಅಂಕ ಒಂದು ಮೆಟ್ಟಿಲು. 132 ಅಂದರೆ ನೂರು ಮಕ್ಕಳಲ್ಲಿ ಮೊದಲ ಎರಡು ಮೂರು ಮಕ್ಕಳ ಸಾಲು. 80 ಅಂದರೆ ತೊಂಬತ್ತು ಮಕ್ಕಳು ಅವಳಿಗಿಂತ ಮುಂದಿದ್ದಾರೆ. ಒಂದೇ ಮಗುವಿನಲ್ಲಿ ಮೂರು ಮೆಟ್ಟಿಲಿಗೂ ಮೀರಿದ ಅಂತರ. ಈ ಎರಡನ್ನೂ ಕೂಡಿಸಿ ಹಂಚಿದರೆ ಸಿಗುವ ಸಂಖ್ಯೆ ಅವಳ ಬಲವನ್ನೂ ಹೇಳುವುದಿಲ್ಲ, ಕಷ್ಟವನ್ನೂ ಹೇಳುವುದಿಲ್ಲ.

ನೀವು ಕಳಿಸಿದ ಭಾಗಗಳನ್ನು ನೋಡಿದರೆ ಇದು ಮಕ್ಕಳ ಬುದ್ಧಿ ಅಳೆಯುವ ವಿಸ್ಕ್–4 ಪರೀಕ್ಷೆ. ಅದರಲ್ಲಿ ಹತ್ತು ಉಪಪರೀಕ್ಷೆ: ಮಾತಿಗೆ ಮೂರು, ತರ್ಕಕ್ಕೆ ಮೂರು, ನೆನಪಿಗೆ ಎರಡು, ವೇಗಕ್ಕೆ ಎರಡು. ವೇಗದ ಒಂದು ಪರೀಕ್ಷೆಯಾದ ಕೋಡಿಂಗ್‌ನಲ್ಲಿ ಎರಡು ನಿಮಿಷದ ಒಳಗೆ ಪ್ರತಿ ಅಂಕಿಯ ಕೆಳಗೂ ಅದಕ್ಕೆ ಗೊತ್ತುಮಾಡಿದ ಗುರುತನ್ನು ಪೆನ್ಸಿಲಿನಿಂದ ಬರೆಯುತ್ತಾ ಹೋಗಬೇಕು. ಬರೆಯುವುದೇ ಕಷ್ಟವಾದ ಮಗು ಇಲ್ಲಿ ಹಿಂದುಳಿಯುವುದು ಸಹಜ. ಆ ಕಡಿಮೆ ಅಂಕ ಒಟ್ಟು ಐಕ್ಯೂವನ್ನು ಕೆಳಕ್ಕೆ ಎಳೆದಿದೆ. ಇದಕ್ಕಾಗಿಯೇ ಜನರಲ್ ಎಬಿಲಿಟಿ ಇಂಡೆಕ್ಸ್, ಅಂದರೆ ಜಿಎಐ ಎಂಬ ಇನ್ನೊಂದು ಲೆಕ್ಕ ಇದೆ. ಅದು ಮಾತು ಮತ್ತು ತರ್ಕದ ಆರು ಉಪಪರೀಕ್ಷೆಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮಗುವನ್ನು ಮತ್ತೆ ಕೂರಿಸಬೇಕಿಲ್ಲ, ಈಗಿರುವ ಅಂಕಗಳಿಂದಲೇ ಬರುತ್ತದೆ. ಸೈಕಾಲಜಿಸ್ಟ್ ಹತ್ತಿರ ಹೋಗಿ ‘ಜಿಎಐ ಹಾಕಿ, ವರದಿಯಲ್ಲಿ ಬರೆದುಕೊಡಿ’ ಎಂದು ಕೇಳಿ. ನಿಮ್ಮ ಮಗಳದು 130ರ ಆಸುಪಾಸು ಬರಬೇಕು. ಹಲವು ಕಡೆ ಈಗಲೂ ಬಳಸುವ ಮಾಲಿನ್ಸ್ ಎಂಬ ಬುದ್ಧಿಮಾಪನ ಪರೀಕ್ಷೆಯಾದರೂ ಒಟ್ಟು ಅಂಕ ಮಾತ್ರ ತರಬಾರದು. ಮಾತಿನ ಭಾಗ, ಕೈಕೆಲಸದ ಭಾಗ, ಪ್ರತಿ ಉಪಪರೀಕ್ಷೆಯ ಅಂಕ ಎಲ್ಲವೂ ಬರಹದಲ್ಲಿ ಕೈಗೆ ಬರಬೇಕು.

ಇನ್ನು ‘ತರಗತಿ ಮಟ್ಟಕ್ಕೆ ಓದುತ್ತಾಳೆ’ ಎಂಬ ಮಾತು. ನಿಮ್ಹಾನ್ಸ್ ರೂಪಿಸಿದ ಎಸ್‌ಎಲ್‌ಡಿ (ಕಲಿಕಾ ನ್ಯೂನತೆಯ) ಪರೀಕ್ಷಾಮಾಲೆ ಬಳಸುವಾಗ ಓದು, ಬರಹ ಅಥವಾ ಲೆಕ್ಕ ಮಗುವಿನ ತರಗತಿಗಿಂತ ಎರಡು ತರಗತಿ ಕೆಳಗಿದ್ದರೆ ನ್ಯೂನತೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಚುರುಕು ಮಗು ಇಲ್ಲೇ ತಪ್ಪಿಹೋಗುವುದು. ಅವಳು ವಾಕ್ಯದ ಅರ್ಥ ಹಿಡಿದು ಮುಂದಿನ ಪದ ಊಹಿಸುತ್ತಾಳೆ, ಓದಿದಂತೆ ಕಾಣುತ್ತದೆ. ಹಾಗಾಗಿ ಅರ್ಥದ ಆಸರೆ ಇಲ್ಲದ ಕಡೆ ಓದಿಸಬೇಕು: ಒಂದಕ್ಕೊಂದು ಸಂಬಂಧವಿಲ್ಲದ ಪದಗಳ ಪಟ್ಟಿ, ‘ಕಮ್ನೆಲು’, ‘ತೊರ್ಬಿಗ’ದಂಥ ಅರ್ಥವಿಲ್ಲದ ಪದ, ಎರಡಕ್ಕೂ ಗಡಿಯಾರ. ಸರಿ ತಪ್ಪು ಮಾತ್ರವಲ್ಲ, ನಿಮಿಷಕ್ಕೆ ಎಷ್ಟು ಪದ ಎಂಬುದೂ ವರದಿಯಲ್ಲಿ ಬರಲಿ. ಶಾಲೆಯಲ್ಲಿ ದಿನವಿಡೀ ಹಾಗೆ ಊಹಿಸಿ ಊಹಿಸಿ ತೇಲುವುದು ಎಷ್ಟು ದಣಿವಿನ ಕೆಲಸ ಎಂಬುದನ್ನು ಸಂಜೆಯ ಆ ಅಳು ಹೇಳುತ್ತಿರಬಹುದು.

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ ನಾನು. ಏಳನೇ ತರಗತಿಯಲ್ಲಿ 42 ಮಕ್ಕಳು. ಒಬ್ಬ ಹುಡುಗಿ ‘ಸರ್, ನೀವು ಓದಿ ಹೇಳ್ರಿ, ನಾ ಮಾಡ್ತೀನಿ’ ಅನ್ನುತ್ತಾಳೆ. ಓದಿ ಹೇಳಿದರೆ ಎಲ್ಲರಿಗಿಂತ ಮೊದಲು ಉತ್ತರ. ಅವಳೇ ಓದಬೇಕೆಂದರೆ ಸುಮ್ಮನೆ ನಿಂತುಬಿಡುತ್ತಾಳೆ. ವಿಶೇಷ ಶಿಕ್ಷಕರಿಲ್ಲದ ಕಡೆ ನಾನೊಬ್ಬನೇ ಏನು ಮಾಡಬಹುದು?
– ಶಿಕ್ಷಕರು, ಕುಷ್ಟಗಿ ತಾಲ್ಲೂಕು

ಉತ್ತರ: ಮೇಷ್ಟ್ರೇ, ಆ ಹುಡುಗಿ ತನಗೆ ಬೇಕಾದ ಸಹಾಯವನ್ನು ತಾನೇ ಬಾಯಿಬಿಟ್ಟು ಕೇಳಿದ್ದಾಳೆ. ಅದನ್ನು ಕೊಡುವುದರಿಂದಲೇ ಶುರುಮಾಡಿ. ಲೆಕ್ಕದ ಪ್ರಶ್ನೆಯನ್ನು ಇಡೀ ತರಗತಿಗೇ ಎರಡು ಸಲ ಗಟ್ಟಿಯಾಗಿ ಓದಿ. ಅವಳೊಬ್ಬಳಿಗೆ ಎಂದು ತೋರಿಸಿಕೊಳ್ಳಬೇಕಿಲ್ಲ. ಕಿರುಪರೀಕ್ಷೆಯಲ್ಲಿ ಹತ್ತು ನಿಮಿಷ ಅವಳನ್ನು ಪಕ್ಕಕ್ಕೆ ಕರೆದು ಬಾಯಲ್ಲಿ ಕೇಳಿ, ಅಂಕವನ್ನು ಅದಕ್ಕೂ ಕೊಡಿ. ಬೋರ್ಡಿನಿಂದ ಇಳಿಸಿಕೊಳ್ಳುವ ಕೆಲಸ ತಪ್ಪಿಸಿ. ಪಕ್ಕದವರ ಪುಸ್ತಕದ ಅಡಿಯಲ್ಲಿ ಕಾರ್ಬನ್ ಹಾಳೆ ಇಟ್ಟರೆ ಅವಳಿಗೊಂದು ಪ್ರತಿ ಸಿಗುತ್ತದೆ.

ಈ ಲೆಕ್ಕ ತಗೊಳ್ಳಿ: ‘ಒಂದು ಹೊಲದ ಉದ್ದ ಅಗಲದ ಎರಡರಷ್ಟಿದೆ. ಸುತ್ತಳತೆ 180 ಮೀಟರ್. ವಿಸ್ತೀರ್ಣ ಎಷ್ಟು?’ ಕೇಳಿಸಿಕೊಂಡರೆ ಅವಳಿಗೆ ಅಗಲ 30, ಉದ್ದ 60, ವಿಸ್ತೀರ್ಣ 1,800 ಚದರ ಮೀಟರ್ ಎನ್ನುವುದು ಕಷ್ಟವಿಲ್ಲ. ಓದುವಾಗ ಕಾಲು ಸಿಕ್ಕಿಕೊಳ್ಳುವುದು ‘ಸುತ್ತಳತೆ’, ‘ವಿಸ್ತೀರ್ಣ’ ಎಂಬ ಎರಡು ಪದಗಳಲ್ಲಿ. ಓದು ಕಲಿಸುವ ಪಾಠವೂ ಅಲ್ಲಿಂದಲೇ ಆಗಲಿ. ಆ ಅಧ್ಯಾಯದ ಹತ್ತು ಪದ ಆರಿಸಿ ಕಾರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ: ತ್ರಿಜ್ಯ, ಕರ್ಣ, ಭಿನ್ನರಾಶಿ, ಹೀಗೆ. ಮೂಲ ಅಕ್ಷರ ನೀಲಿ, ಒತ್ತು ಮತ್ತು ಅರ್ಕಾವತ್ತು ಕೆಂಪು. ವಿ–ಸ್ತೀ–ರ್ಣ ಎಂದು ಬಿಡಿಸಿ ಹೇಳಿಸಿ, ಪ್ರತಿ ತುಂಡಿಗೂ ಒಂದು ಚಪ್ಪಾಳೆ, ಆಮೇಲೆ ಸ್ಲೇಟಿನ ಮೇಲೆ ಬಾಯಲ್ಲಿ ಹೇಳುತ್ತಲೇ ಬರೆಸಿ. ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ. ಹತ್ತರಲ್ಲಿ ಎಂಟು ಪದ ತಡವರಿಸದೆ ಬಂದ ಮೇಲೇ ಹೊಸ ಕಾರ್ಡು.

ಇಲ್ಲಿ ಕೆಲಸ ಕೆಡುವುದು ಎರಡು ಕಾರಣಕ್ಕೆ. ಒಂದು, ಎರಡನೇ ತರಗತಿಯ ಪುಸ್ತಕ ಕೊಡುತ್ತೇವೆ. ಕಾಗೆ ಗುಬ್ಬಿ ಕಥೆ ಹಿಡಿದು ಕೂರಲು ಏಳನೇ ತರಗತಿಯ ಚುರುಕು ಹುಡುಗಿಗೆ ನಾಚಿಕೆ, ಮಾರನೆಯ ದಿನದಿಂದ ಬರುವುದೇ ಇಲ್ಲ. ಇನ್ನೊಂದು, ಆಟದ ಅಥವಾ ವಿಜ್ಞಾನದ ಪೀರಿಯಡ್ಡಿನಲ್ಲಿ ಎಬ್ಬಿಸಿ ಓದಿಸುತ್ತೇವೆ. ಅವಳು ಗೆಲ್ಲುವ ಜಾಗವನ್ನೇ ಕಿತ್ತುಕೊಂಡರೆ ಸೋಲುವ ಜಾಗದಲ್ಲಿ ಹೋರಾಡುವ ಬಲ ಎಲ್ಲಿಂದ ಬರಬೇಕು?

ಮನೆಗೆಲಸವಾಗಿ ಇಪ್ಪತ್ತು ಸುಲಭ ಲೆಕ್ಕದ ಬದಲು ಐದು ಕಠಿಣ ಲೆಕ್ಕ ಕೊಡಿ. ಬೇರೆ ಮಕ್ಕಳಿಗೆ ಲೆಕ್ಕ ಕಟ್ಟಿ ಬಾಯಲ್ಲಿ ಕೇಳುವ ಕೆಲಸ ವಾರಕ್ಕೊಮ್ಮೆ ಅವಳದಾಗಲಿ.

ಒಂದು ವಿಷಯ ತಡವಾಗಬಾರದು. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದರ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಸರಣಿ, ವಿನ್ಯಾಸದಂಥ ಪ್ರಶ್ನೆಗಳಿರುತ್ತವೆ, ಇಂಥ ಹುಡುಗಿಗೆ ಹೇಳಿಮಾಡಿಸಿದ ಹಾಗೆ. ಆದರೆ ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇ 55, ಪರಿಶಿಷ್ಟರಿಗೆ ಶೇ 50 ಅಂಕ ಬೇಕು. ಬರೀ ಬರವಣಿಗೆಯಿಂದ ಈ ವರ್ಷ ಅವಳ ಅಂಕ ಅದಕ್ಕಿಂತ ಕೆಳಗಿಳಿದರೆ ಆ ಬಾಗಿಲೇ ಮುಚ್ಚುತ್ತದೆ. ಬಾಯಿಮಾತಿನ ಮೌಲ್ಯಮಾಪನವನ್ನು ಈ ವರ್ಷವೇ ದಾಖಲೆಯಲ್ಲಿ ತನ್ನಿ. ನಿಮ್ಮ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಹುದ್ದೆಯವರು, ಅಂದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಶಿಕ್ಷಕರು, ಇರುತ್ತಾರೆ. ಮುಖ್ಯಶಿಕ್ಷಕರ ಸಹಿಯೊಂದಿಗೆ ಅವರಿಗೆ ಬರಹದಲ್ಲಿ ಕೊಡಿ. ಬಾಯಲ್ಲಿ ಹೇಳಿದ್ದು ಎಲ್ಲೂ ನಿಲ್ಲುವುದಿಲ್ಲ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳಿಗೆ ಡಿಸ್‌ಗ್ರಾಫಿಯಾ. ಒಂಬತ್ತು ವರ್ಷವಿದ್ದಾಗ ಮಾಡಿಸಿದ ಪ್ರಮಾಣಪತ್ರ ಇದೆ. ವಿಜ್ಞಾನದಲ್ಲಿ ಶಾಲೆಗೇ ಮೊದಲು. ಎಸ್‌ಎಸ್‌ಎಲ್‌ಸಿಗೆ ಲಿಪಿಕಾರರನ್ನು (ಅವಳು ಹೇಳಿದ್ದನ್ನು ಬರೆಯುವವರನ್ನು) ತೆಗೆದುಕೊಳ್ಳಬೇಕೆ, ಭಾಷೆಯ ವಿನಾಯಿತಿ ಪಡೆಯಬೇಕೆ? ‘ಅಷ್ಟು ಬುದ್ಧಿವಂತೆಗೆ ರಿಯಾಯಿತಿ ಯಾಕೆ’ ಎಂದು ನೆಂಟರು ಕೇಳುತ್ತಾರೆ.
– ತಾಯಿ, ಉಡುಪಿ

ಉತ್ತರ: ನೆಂಟರ ಪ್ರಶ್ನೆಗೆ ಮೊದಲ ಉತ್ತರ: ಕಾನೂನು ಬುದ್ಧಿ ಅಳೆದು ರಿಯಾಯಿತಿ ಕೊಡುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಲಿಪಿಕಾರರು, ದ್ವಿತೀಯ ಮತ್ತು ತೃತೀಯ ಭಾಷೆಯ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. ಬರೆಯುವಾಗ ಕೈ ಸೆಳೆತ ಬರುವ ವಿಕಾಶ್ ಕುಮಾರ್ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರನ್ನು ಕೇಳಿದ ಪ್ರಕರಣದಲ್ಲಿ, ನ್ಯೂನತೆ ಶೇ 40ರ ಮಿತಿ ಮುಟ್ಟದವರಿಗೂ ಆ ಸೌಲಭ್ಯ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ದೇಶದ ಅತಿ ಕಠಿಣ ಪರೀಕ್ಷೆಗೆ ಕೂರುವವರೂ ಕೇಳಿದ ಸಹಾಯ ಇದು.

ಈಗ ಪ್ರಮಾಣಪತ್ರ. 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಕೊಡುವ ಪ್ರಮಾಣಪತ್ರವನ್ನು 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಮಾಡಿಸಬೇಕಿತ್ತು. 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯೂ ಆಗಿದೆ. ಹಾಗಾಗಿ ಹಳೆಯದನ್ನು ನಂಬಿ ಕೂರದೆ ಈ ಬೇಸಿಗೆ ರಜೆಯಲ್ಲೇ ಹೊಸ ಮೌಲ್ಯಮಾಪನಕ್ಕೆ ದಿನ ಗೊತ್ತುಮಾಡಿಕೊಳ್ಳಿ, ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಅರ್ಜಿಯನ್ನೂ ಹಾಕಿ. ಮಂಡಳಿಗೆ ಅರ್ಜಿ ಹೋಗುವುದು ಮುಖ್ಯಶಿಕ್ಷಕರ ಮೂಲಕ. ಪರೀಕ್ಷಾ ನೋಂದಣಿಯ ಹೊತ್ತಿಗೆ ಕಾಗದ ಸಿದ್ಧವಿರಬೇಕು. ಪ್ರವೇಶಪತ್ರ ಬಂದ ಮೇಲೆ ಓಡಾಡಿದವರೇ ಹೆಚ್ಚಾಗಿ ನಿರಾಶರಾಗುವುದು.

ಎಲ್ಲ ರಿಯಾಯಿತಿಯನ್ನೂ ತೆಗೆದುಕೊಳ್ಳಬೇಕೆಂದಿಲ್ಲ. ಕೇಂದ್ರದ ಮಾರ್ಗಸೂಚಿಯ ಲೆಕ್ಕದಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಆ ಸಮಯ ಇಟ್ಟುಕೊಂಡು ಮನೆಯಲ್ಲಿ ಎರಡು ಹಳೆಯ ಪತ್ರಿಕೆ ಅವಳೇ ಬರೆಯಲಿ. ಕೊನೆಯ ಅರ್ಧ ಗಂಟೆಯಲ್ಲೂ ಅಕ್ಷರ ಓದುವಂತಿದ್ದರೆ ಸಮಯ ಒಂದೇ ಸಾಕು. ಕೈ ಸೋತು ಉತ್ತರ ಕುಗ್ಗುತ್ತಾ ಹೋದರೆ ಲಿಪಿಕಾರರು ಬೇಕು. ಬೇಕೆಂದಾದರೆ ಕನಿಷ್ಠ ಎಂಟು ಹತ್ತು ಪೂರ್ಣ ಪತ್ರಿಕೆಗಳ ಅಭ್ಯಾಸ ಆಗಲೇಬೇಕು. ಲಿಪಿಕಾರರು ಅವಳಿಗಿಂತ ಕೆಳಗಿನ ತರಗತಿಯಲ್ಲಿ ಓದುತ್ತಿರುವವರಾಗಿರಬೇಕು ಎಂಬುದು ಸಾಮಾನ್ಯ ನಿಯಮ. ಆ ಮಗುವಿಗೆ ‘ದ್ಯುತಿಸಂಶ್ಲೇಷಣೆ’ ಎಂಬ ಪದವೇ ಗೊತ್ತಿರದೆ ಇರಬಹುದು. ಪದವನ್ನು ಅಕ್ಷರ ಬಿಡಿಸಿ ಹೇಳುವುದು, ಸಮೀಕರಣವನ್ನು ‘ಹೆಚ್ ಎರಡು, ಎರಡು ಕೆಳಗೆ ಚಿಕ್ಕದಾಗಿ’ ಎಂದು ಹೇಳುವುದು, ಪೂರ್ಣವಿರಾಮ, ಹೊಸ ಸಾಲು ಎಲ್ಲವನ್ನೂ ಬಾಯಲ್ಲಿ ಹೇಳುವುದು ಅಭ್ಯಾಸವಿಲ್ಲದೆ ಬರುವುದಿಲ್ಲ. ಮೊದಲ ಎರಡು ಮೂರು ಪತ್ರಿಕೆ ಗಲಿಬಿಲಿಯಾಗುತ್ತದೆ, ಅಂಕ ಇಳಿಯುತ್ತದೆ. ಅಲ್ಲಿಗೇ ಬಿಟ್ಟುಬಿಡಬೇಡಿ.

ಭಾಷೆಯ ವಿನಾಯಿತಿಗೆ ಮುನ್ನ ಮುಂದೆ ಅವಳು ಸೇರಬೇಕೆಂದಿರುವ ಪಿಯು ಕಾಲೇಜು ಮತ್ತು ಕೋರ್ಸಿನಲ್ಲಿ ಯಾವ ಭಾಷೆ ಕೇಳುತ್ತಾರೆ ನೋಡಿ. ಡಿಸ್‌ಗ್ರಾಫಿಯಾ ಒಂದೇ ಇದ್ದು ಓದು ಚೆನ್ನಾಗಿದ್ದರೆ ವಿನಾಯಿತಿ ಬೇಕಾಗದೆಯೂ ಇರಬಹುದು. ಅವಳನ್ನೇ ಕೇಳಿ ತೀರ್ಮಾನಿಸಿ.

ಪ್ರಶ್ನೆ: ಡಿಸ್ಲೆಕ್ಸಿಯಾ ಇರುವ ಮಗನಿಗೆ ಪಠ್ಯಪುಸ್ತಕದ ಪಿಡಿಎಫ್ ಅನ್ನು ಮೊಬೈಲಿನಲ್ಲಿ ಓದಿಸಲು ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತದೆ.
– ಶಿವಮೊಗ್ಗ

ಉತ್ತರ: ಆ ಪಿಡಿಎಫ್ ಹಳೆಯ ನುಡಿ ಮಾದರಿಯ ಫಾಂಟಿನಲ್ಲಿದೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ. ಫೋನು ಒಳಗಿನದನ್ನು ಓದುತ್ತದೆ. ಪಿಡಿಎಫ್ ಪುಟವನ್ನು ಚಿತ್ರವಾಗಿ, ಅಂದರೆ ಸ್ಕ್ರೀನ್‌ಶಾಟ್ ತೆಗೆದು, ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ‘ಗೂಗಲ್ ಡಾಕ್ಸ್‌ನಲ್ಲಿ ತೆರೆ’ ಆಯ್ಕೆಮಾಡಿ. ಚಿತ್ರದ ಕೆಳಗೆ ಯೂನಿಕೋಡ್ ಕನ್ನಡ ಬರುತ್ತದೆ. ಅದನ್ನು ಫೋನಿನ ಕನ್ನಡ ಧ್ವನಿ ಓದುತ್ತದೆ. ಒತ್ತಕ್ಷರಗಳಲ್ಲಿ ತಪ್ಪಿರುತ್ತದೆ, ಒಮ್ಮೆ ದೊಡ್ಡವರು ತಿದ್ದಿ. ವೇಗವನ್ನು ತಗ್ಗಿಸಿಡಿ, ಕೇಳುವಾಗ ಬೆರಳು ಸಾಲಿನ ಮೇಲೆ ಓಡಲಿ. ಮುದ್ರಿತ ಪುಸ್ತಕ ಓದಲಾಗದವರಿಗೆಂದೇ ಇರುವ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲೂ ಪ್ರಮಾಣಪತ್ರ ಕೊಟ್ಟು ನೋಂದಾಯಿಸಬಹುದು.

ಪ್ರಶ್ನೆ: ಮಿಡ್‌ಬ್ರೇನ್ ಆಕ್ಟಿವೇಷನ್ ತರಬೇತಿ ಕೊಟ್ಟರೆ ಓದಿನ ತೊಂದರೆ ಹೋಗಿ ಪ್ರತಿಭೆ ಹೊರಬರುತ್ತದಂತೆ, ನಿಜವೇ?
– ಬೆಂಗಳೂರು

ಉತ್ತರ: ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಪ್ರದರ್ಶನದಲ್ಲಿ ಮಗು ಮೂಗಿನ ಸಂದಿಯಿಂದ ನೋಡುತ್ತದೆ. ಮಗುವಿಗೆ ಸುಳ್ಳು ಕಲಿಸಿದಂತಾಗುತ್ತದೆ. ಬಣ್ಣದ ಕನ್ನಡಕವೂ ಡಿಸ್ಲೆಕ್ಸಿಯಾ ನೀಗಿಸುವುದಿಲ್ಲ. ಆ ಹಣವನ್ನು ತರಬೇತಿ ಪಡೆದ ವಿಶೇಷ ಶಿಕ್ಷಕರಿಗೆ ಕೊಡಿ.

ಪ್ರಶ್ನೆ: ವರದಿ ಕೈಗೆ ಬಂದಿದೆ. ಎಂಟು ವರ್ಷದ ಮಗ ‘ನಾನು ದಡ್ಡನಾ ಅಮ್ಮ?’ ಅಂತ ಕೇಳುತ್ತಾನೆ. ಅವನಿಗೆ ಹೇಳಬೇಕೆ? ಹೇಗೆ?
– ಚಿಕ್ಕಮಗಳೂರು

ಉತ್ತರ: ಹೇಳಲೇಬೇಕು. ಹೇಳದಿದ್ದರೆ ಕಾರಣವನ್ನು ಅವನೇ ಹುಡುಕಿಕೊಳ್ಳುತ್ತಾನೆ, ಅವನಿಗೆ ಸಿಗುವುದು ‘ದಡ್ಡ’ ಎಂಬ ಒಂದೇ ಪದ. ಶಾಲೆಯಿಂದ ಬಂದ ಹೊತ್ತಿನಲ್ಲಿ ಬೇಡ, ಪರೀಕ್ಷೆಯ ಹಿಂದಿನ ದಿನ ಬೇಡ. ಭಾನುವಾರ ಅವನಿಗೆ ಇಷ್ಟವಾದ ಕೆಲಸ ಮಾಡುತ್ತಿರುವಾಗ, ಲೆಗೋ ಜೋಡಿಸುವಾಗಲೋ ಗಿಡಕ್ಕೆ ನೀರು ಹಾಕುವಾಗಲೋ, ಪಕ್ಕದಲ್ಲಿ ಕೂತು ಹೇಳಿ. ‘ನಿನ್ನ ತಲೆ ವಿಷಯಗಳನ್ನು ಬೇಗ ಹಿಡಿಯುತ್ತೆ ಅಂತ ಡಾಕ್ಟರು ಹೇಳಿದ್ದಾರೆ. ಅಕ್ಷರ ಗುರುತು ಹಿಡಿಯೋ ಕೆಲಸ ಮಾತ್ರ ನಿಧಾನ. ಅದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರು. ಅದು ನಿನ್ನ ತಪ್ಪಲ್ಲ. ಅದಕ್ಕೆ ಬೇರೆ ಥರ ಕಲಿಸೋ ಟೀಚರ್ ಇದಾರೆ’ – ಇಷ್ಟು ಸಾಕು. ‘ನೀನು ಜೀನಿಯಸ್’ ಎಂದು ಉಬ್ಬಿಸಬೇಡಿ. ಮಾರನೆಯ ದಿನ ಕನ್ನಡ ಡಿಕ್ಟೇಷನ್‌ನಲ್ಲಿ ಸೊನ್ನೆ ಬಂದಾಗ ಅವನು ನಿಮ್ಮ ಎರಡು ಮಾತನ್ನೂ ನಂಬುವುದಿಲ್ಲ. ಅಣ್ಣತಮ್ಮಂದಿರ ಎದುರು ಹೇಳಬೇಡಿ. ಅವನು ಏನೂ ಕೇಳದೆ ಆಟಕ್ಕೆ ಓಡಿದರೆ ಓಡಲಿ. ಎರಡು ಮೂರು ದಿನ ಬಿಟ್ಟು, ರಾತ್ರಿ ದೀಪ ಆರಿಸುವ ಹೊತ್ತಿಗೆ, ಪ್ರಶ್ನೆಗಳು ಬರುತ್ತವೆ. ಆಗ ಕೈಲಿ ಫೋನು ಇಟ್ಟುಕೊಂಡಿರಬೇಡಿ.